ಹನ್ನೊಂದನೆಯ ಪಾಠಕ್ಕೆ ಹಾಕಿದ ಸಹಿ

ನನಗೆ ಹೂಂ ಅನ್ನುವ ಚಾಳಿ ಇದೆ. ಎದುರಿಗಿದ್ದವರು ಮಾತಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ನನ್ನ ಗಂಟಲಿನಿಂದ ತಾನಾಗಿಯೇ ಒಂದು ಹೂಂ ಹೊರಡುತ್ತದೆ. ಕೇಳಿಸಿಕೊಂಡೆನೇ, ತಿಳಿಯಿತೇ ಎಂಬ ವಿಚಾರ ಆ ಹೂಂಗೆ ಗೊತ್ತಿಲ್ಲ. ಒಮ್ಮೆ ಫೋನಿನಲ್ಲಿ ಯಾವುದೋ ರೆಕಾರ್ಡ್ ಮಾಡಿದ ಹೆಣ್ಣು ಧ್ವನಿಗೆ ಎರಡು ನಿಮಿಷ ಹೂಂ ಅಂದಿದ್ದೆ. ಕನ್ನಡಕ್ಕಾಗಿ ಒಂದನ್ನು ಒತ್ತಿರಿ ಎಂದು ಅದು ಹೇಳುವವರೆಗೆ ನನಗೆ ಅನುಮಾನವೇ ಬಂದಿರಲಿಲ್ಲ. ನನ್ನ ಹೆಂಡತಿ ಮಲ್ಲಮ್ಮ ಈ ಚಾಳಿಯನ್ನು ಮದುವೆಯಾದ ಮೊದಲ ತಿಂಗಳಲ್ಲೇ ಪತ್ತೆ ಹಚ್ಚಿದಳು. ಮಹತ್ವದ ಮಾತಿದ್ದರೆ ನಡುವೆ ನಿಲ್ಲಿಸಿ, ಈಗ ತಾನು ಏನಂದೆ ಹೇಳಿ ನೋಡೋಣ ಅನ್ನುತ್ತಾಳೆ. ಕೊನೆಯ ಎರಡು ಶಬ್ದ ಹೇಳಿ ಪಾರಾಗಲು ನೋಡುತ್ತೇನೆ. ಆಗುವುದಿಲ್ಲ.

ಇದನ್ನು ಕಲಿಸಿದವಳು ನಮ್ಮ ಆಯಿ. ನಮ್ಮ ಮನೆಯಲ್ಲಿ ಅಪ್ಪನ ತಾಯಿಗೆ ಆಯಿ ಅನ್ನುತ್ತಿದ್ದೆವು. ಕಮಲಾಪುರದ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಕುಳಿತು, ಮೊರದಲ್ಲಿ ಬೇಳೆ ಹಾಕಿಕೊಂಡು ಹರಳು ಆರಿಸುತ್ತ ಕತೆ ಹೇಳುತ್ತಿದ್ದಳು. ಅವಳ ಕತೆಗೆ ಒಂದು ಕಾಯಿದೆ ಇತ್ತು. ಕೇಳುವವರು ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕತೆ ನಿಂತಿತು. ಆಮೇಲೆ ಎಷ್ಟು ಗೋಗರೆದರೂ ರಾಜಕುಮಾರ ಅಡವಿಯಲ್ಲೇ ಇರುತ್ತಿದ್ದ. ನಾನು ಆ ಕಾಯಿದೆಯನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದೆನೆಂದರೆ ಕಂಬಕ್ಕೆ ಒರಗಿ ನಿದ್ದೆ ಹೋದ ಮೇಲೂ ಹೂಂ ಅನ್ನುತ್ತಿದ್ದೆನಂತೆ. ಹಾಗಾಗಿ ಆಯಿಗೆ ನನ್ನ ಮೇಲೆ ಪ್ರೀತಿ. ಅಕ್ಕ ಕಸ್ತೂರಿ ನನಗಿಂತ ಐದು ವರ್ಷ ದೊಡ್ಡವಳು. ಅವಳು ಹೂಂ ಅನ್ನುತ್ತಿರಲಿಲ್ಲ, ಯಾಕೆ ಅನ್ನುತ್ತಿದ್ದಳು. ರಾಜ ಮೂರನೆಯ ಮಗನಿಗೇ ಕುದುರೆ ಯಾಕೆ ಕೊಟ್ಟ? ರಾಕ್ಷಸನ ಜೀವ ಗಿಣಿಯೊಳಗಿದ್ದರೆ, ಗಿಣಿಗೆ ಹಸಿವಾದಾಗ ರಾಕ್ಷಸನಿಗೂ ಆಗುತ್ತಿತ್ತೇ? ಆಯಿ ಮೊರ ಕೆಳಗಿಟ್ಟು, "ಈ ಹುಡುಗಿಗಿ ಕತಿ ಹೇಳೂದಂದ್ರ ಕೋರ್ಟ್‌ನಾಗ ಸಾಕ್ಷಿ ಹೇಳ್ದಂಗ" ಎಂದು ಬೇಸರಿಸುತ್ತಿದ್ದಳು.

ಯಾಕೆ ಅನ್ನುತ್ತಿದ್ದವಳು ಮುಂದೆ ಕಂಪ್ಯೂಟರ್ ಕಲಿಸುವವಳಾದಳು. ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಆಚೆ ಬೀದಿಯ ಒಂದು ಸಣ್ಣ ಕಾಲೇಜಿನಲ್ಲಿ ಅವಳಿಗೆ ಕೆಲಸ. ಹೂಂ ಅನ್ನುತ್ತಿದ್ದ ನಾನು ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು, ಎರಡನೆಯ ಸಲ ಪಾಸಾಗಿ, ಅಷ್ಟಕ್ಕೆ ತೃಪ್ತನಾಗಿ ನೆಹರು ಗಂಜಿನ ಹಿಂದಿನ ಒಂದು ದಾಲ್ ಮಿಲ್ಲಿಗೆ ಸೇರಿದೆ. ಈಗಲೂ ಅಲ್ಲೇ ಇದ್ದೇನೆ. ತೊಗರಿ, ಕಡಲೆ, ಹೆಸರು ಒಂದು ಕಡೆಯಿಂದ ಒಳಗೆ ಹೋಗುತ್ತವೆ, ಇನ್ನೊಂದು ಕಡೆಯಿಂದ ಬೇಳೆಯಾಗಿ ಬರುತ್ತವೆ. ನಡುವೆ ಏನು ನಡೆಯುತ್ತದೋ ಅದರ ಮೇಲೆ ಕಣ್ಣಿಡುವುದು ನನ್ನ ಕೆಲಸ.

ಅಕ್ಕ ಮದುವೆಯಾಗಲಿಲ್ಲ. ಕಾರಣ ಕೇಳುವವರು ಕೇಳಿ ಕೇಳಿ ದಣಿದರು. ಅವಳು, ನಾನು, ಮಲ್ಲಮ್ಮ ಮೂವರೂ ಕಮಲಾಪುರದ ಮನೆಯಲ್ಲೇ ಇದ್ದೆವು. ಬೆಳಿಗ್ಗೆ ಎಂಟರ ಬಸ್ಸಿಗೆ ಅಕ್ಕ ತಮ್ಮ ಇಬ್ಬರೂ ಕಲಬುರಗಿಗೆ ಹೋಗುವುದು, ಸಂಜೆ ಒಟ್ಟಿಗೆ ತಿರುಗಿ ಬರುವುದು. ಕಿಟಕಿಯ ಬದಿ ಅವಳದು. ಒಂದು ಗಂಟೆಯ ದಾರಿ, ನಡುವೆ ಮಹಾಗಾಂವ್ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತದೆ. ಶೇಂಗಾ ಮಾರುವವರು ಹತ್ತುತ್ತಾರೆ.

ಅಕ್ಕನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡದಲ್ಲೋ ಉರ್ದುವಿನಲ್ಲೋ ಶಾಲೆ ಮುಗಿಸಿ ಬಂದವರು. ಇಂಗ್ಲಿಷ್ ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರಂತೆ, ಅರ್ಥ ಕೇಳಿದರೆ ಬೆಂಚಿನ ಕಡೆ ನೋಡುತ್ತಿದ್ದರಂತೆ. ಅವರಿಗಾಗಿ ಅಕ್ಕ ಪ್ರೋಗ್ರಾಮಿಂಗಿನ ಪಾಠಗಳನ್ನು ಕನ್ನಡದಲ್ಲಿ ಬರೆಯತೊಡಗಿದಳು. ಬರೆದದ್ದು ಜನಕ್ಕೆ ತಿಳಿಯುತ್ತದೋ ಇಲ್ಲವೋ ಪರೀಕ್ಷಿಸಲು ಅವಳಿಗೆ ಒಬ್ಬ ಮನುಷ್ಯ ಬೇಕಾಗಿದ್ದ. ಕಾಲೇಜಿನಲ್ಲೇ ಯಾರಾದರೂ ಸಿಗುವುದಿಲ್ಲವೇ ಎಂದು ಕೇಳಿದೆ.

"ಓದಿದವ್ರು ತಿಳೀದಿದ್ರೂ ತಿಳಿದಂಗ ಮಾಡ್ತಾರೋ ಶರಣು," ಅಂದಳು. "ನೀನ ಛಲೋ."

ಅವಳ ಪದ್ಧತಿ ಹೀಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಪಾಠ ಓದಿ ಹೇಳುವಳು. ನಾನು ಹಗಲೆಲ್ಲ ಅದನ್ನು ತಲೆಯಲ್ಲಿಟ್ಟುಕೊಂಡು, ಸಂಜೆಯ ಬಸ್ಸಿನಲ್ಲಿ ನನ್ನ ಮಾತಿನಲ್ಲಿ, ನನ್ನ ಕೆಲಸದೊಳಗಿನ ಒಂದು ಉದಾಹರಣೆಯೊಂದಿಗೆ ತಿರುಗಿ ಹೇಳಬೇಕು. ಹೇಳಿದರೆ ಆ ಪಾಠದ ಮೂಲೆಯಲ್ಲಿ ನನ್ನ ಸಹಿ ಹಾಕಿಸಿಕೊಳ್ಳುವಳು. ಹೇಳಲಾಗದಿದ್ದರೆ ಸಹಿ ಇಲ್ಲ, ಅವಳು ಮತ್ತೆ ಬರೆಯುವಳು. ನಾಲ್ಕನೆಯ ಪಾಠವನ್ನು ಮೂರು ಸಲ ಬರೆದಳು. ಅವಳ ಮುಂದೆ ನನ್ನ ಹೂಂ ನಡೆಯುತ್ತಿರಲಿಲ್ಲ, ಸಂಜೆ ಲೆಕ್ಕ ಕೊಡಬೇಕಾಗುತ್ತಿತ್ತಲ್ಲ. ನಾವು ದಿನವೂ ಕಾಗದ ಹರಡಿಕೊಂಡು ವಾದ ಮಾಡಿ, ಕೊನೆಗೆ ನಾನು ಸಹಿ ಹಾಕುವುದನ್ನು ನೋಡಿ ನೋಡಿ ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಅಕ್ಕ ತಮ್ಮ ದಿನಾ ಸಹಿ ಮಾಡ್ಲಾಕತ್ತೀರಿ, ಹೊಲ ಎಷ್ಟ್ ಎಕರೆ ಅದ್ರಿ?" ಎಂದು ಕೇಳಿದ. ಅಕ್ಕ, ಹೊಲ ಇಲ್ಲ, ಬರೇ ಬದು ಅದ ಅಂದಳು.

ಮೂರನೆಯ ಪಾಠದಲ್ಲಿ ಬಾಳೆ ಬರುತ್ತದೆ. ಒಂದು ಜಾತಿಯ ವಸ್ತುಗಳಿಗೆಲ್ಲ ಇರುವ ಗುಣ, ಕೆಲಸಗಳನ್ನು ಒಂದೆಡೆ ಬರೆದಿಟ್ಟ ನಕ್ಷೆಗೆ ಪ್ರೋಗ್ರಾಮಿಂಗಿನಲ್ಲಿ ಕ್ಲಾಸು ಅನ್ನುತ್ತಾರೆ. ಬಾಳೆ ಎಂಬುದು ತಾಯಿ ಕ್ಲಾಸು, ನಮ್ಮೂರಿನ ಕೆಂಪು ಬಾಳೆ ಅದರ ಮಗಳು. ಮಗಳಿಗೆ ತಾಯಿಯ ಗುಣವೆಲ್ಲ ಬರುತ್ತದೆ, ಬಣ್ಣ ಮಾತ್ರ ತನ್ನದು. ನಾನು ತಕರಾರು ತೆಗೆದೆ. ಕಮಲಾಪುರದಲ್ಲಿ ಬಾಳೆ ಎಂದರೆ ಕೆಂಪು ಬಾಳೆಯೇ. ಹಳದಿಯದು ಹೊರಗಿಂದ ಬಂದದ್ದು, ಅದನ್ನು ಬೇಕಾದರೆ ಮಗಳು ಮಾಡು ಅಂದೆ. ಎರಡು ಊರು ದಾಟುವವರೆಗೆ ವಾದ ನಡೆಯಿತು. ಮರುದಿನ ನೋಡಿದರೆ ಅಕ್ಕ ಪಾಠಕ್ಕೆ ಒಂದು ಪ್ಯಾರಾ ಸೇರಿಸಿದ್ದಳು: ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ತಕರಾರು ಹೀಗಿದೆ, ಅದು ಸರಿ, ಆದ್ದರಿಂದ ತಾಯಿ ಬಾಳೆಗೆ ಬಣ್ಣವನ್ನೇ ಹೇಳದೆ ಬಿಡೋಣ. ಹೀಗೆ ಆ ಪುಸ್ತಕದಲ್ಲಿ ಅಲ್ಲಲ್ಲಿ ನಾನಿದ್ದೇನೆ. ಎಲ್ಲಿ ನಾನು ಎಡವಿದೆನೋ ಅಲ್ಲಿ ಅವಳು ಒಂದು ಪ್ಯಾರಾ ಹೆಚ್ಚಿಗೆ ಬರೆದಿದ್ದಾಳೆ.

ಹತ್ತನೆಯ ಪಾಠ ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್. ಅಕ್ಕ ಅದಕ್ಕೆ ನನ್ನ ಮಿಲ್ಲನ್ನೇ ತಂದಿದ್ದಳು. ಯಾವ ಕಾಳಾದರೂ ಕೆಲಸದ ಸಾಲು ಒಂದೇ. ಹಸನು ಮಾಡು, ಸಿಪ್ಪೆ ಗೀರು, ನೆನೆಸು, ಒಣಗಿಸು, ಒಡೆ. ಆದರೆ ನೆನೆಸುವುದು ಮಾತ್ರ ಕಾಳಿಗೊಂದು ಬಗೆ. ತೊಗರಿಯ ಸಿಪ್ಪೆ ಅಂಟಿಕೊಂಡಿರುತ್ತದೆ, ಎಣ್ಣೆ ಹಚ್ಚಿ ಎರಡು ಮೂರು ದಿನ ಬಿಸಿಲು ಕಾಣಿಸಬೇಕು. ಕಡಲೆಗೆ ನೀರು ಚಿಮುಕಿಸಿದರೆ ಸಾಕು. ಹೆಸರಂತೂ ಕೂಸಿದ್ದಂತೆ, ಹೆಚ್ಚು ಮುಟ್ಟುವ ಹಾಗಿಲ್ಲ. ಆದ್ದರಿಂದ ಅಕ್ಕ 'ಗಿರಣಿ' ಎಂಬ ಒಂದು ಕ್ಲಾಸು ಬರೆದು, ಎಲ್ಲ ಕೆಲಸಗಳನ್ನೂ ತುಂಬಿ, ನೆನೆಸು ಎಂಬಲ್ಲಿ ಹೆಸರಷ್ಟೇ ಬರೆದು ಒಳಗನ್ನು ಖಾಲಿ ಬಿಟ್ಟಿದ್ದಳು. ಆ ಖಾಲಿ ಜಾಗವನ್ನು ತೊಗರಿಗಿರಣಿ, ಕಡಲೆಗಿರಣಿ ಎಂಬ ಮಕ್ಕಳು ತುಂಬಬೇಕು. ಮಕ್ಕಳು ತುಂಬುವವರೆಗೆ ಬರಿಯ 'ಗಿರಣಿ'ಯನ್ನು ಚಾಲೂ ಮಾಡಲು ಬರುವುದಿಲ್ಲ. ಇದು ನನಗೆ ಬೆಳಿಗ್ಗೆ ಮಹಾಗಾಂವ್ ಕ್ರಾಸ್ ಬರುವುದರೊಳಗೆ ತಿಳಿಯಿತು. ಸಂಜೆಯವರೆಗೆ ಕಾಯದೆ ಅಲ್ಲೇ ಸಹಿ ಹಾಕಿ, ಅಕ್ಕನಿಂದ ಶೇಂಗಾ ಕೊಡಿಸಿಕೊಂಡೆ.

ಹನ್ನೊಂದನೆಯ ಪಾಠವನ್ನು ಅಕ್ಕ ಬರೆಯುವ ಹೊತ್ತಿಗೆ ಅವಳಿಗೆ ಕಾಯಿಲೆ ಶುರುವಾಗಿತ್ತು. ಕಾಲೇಜಿಗೆ ರಜೆ ಹಾಕಿದ್ದಳು. ವಾರಕ್ಕೊಮ್ಮೆ ಕಲಬುರಗಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಹಿಂದಿರುಗುವಾಗ ಅವಳು ಚೀಲದಿಂದ ಫೈಲು ತೆಗೆದಳು. ನಾನು ಬೇಡ ಅಂದೆ. ಇದು ಕೊನೆಯ ಪಾಠ, ಇದೊಂದು ಆದರೆ ಪುಸ್ತಕ ಆಯಿತು ಅಂದಳು.

ಪಾಠದಲ್ಲಿ ಮತ್ತೆ ಅದೇ ಗಿರಣಿ. ಒಂದೇ ಬದಲಾವಣೆ. ಗಿರಣಿ ಎಂಬ ಹೆಸರಿನ ಮುಂದೆ ಬಾಣದ ಮೊನೆಯಂಥ ಎರಡು ಗುರುತು, ಅವುಗಳ ನಡುವೆ 'ಟಿ' ಎಂಬ ಒಂದು ಅಕ್ಷರ. ಇದಕ್ಕೆ ಜೆನೆರಿಕ್ ಟೈಪ್ ಅನ್ನುತ್ತಾರೆ ಎಂದು ಅಕ್ಕ ಹೇಳಿದಳು. ಟಿ ಎಂಬಲ್ಲಿ ಯಾವ ಕಾಳು ಎಂಬುದನ್ನು ತೊಗರಿಗಿರಣಿಯಂಥ ಮಗ ಬಂದು ಹೇಳುತ್ತಾನೆ. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ನೆನೆಸು ಎಂಬುದು ಒಂದು ಖಾಲಿ ಜಾಗ, ಟಿ ಎಂಬುದೂ ಒಂದು ಖಾಲಿ ಜಾಗ, ಎರಡನ್ನೂ ಮಗನೇ ತುಂಬುವುದು. ಹಾಗಿದ್ದರೆ ಎರಡು ಯಾಕೆ? ಒಂದು ಸಾಲದೇ? ಆ ಪ್ರಶ್ನೆ ನಾಲಗೆಯವರೆಗೆ ಬಂದಿತ್ತು.

ಅಕ್ಕ ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು. ಅವಳು ನಿಂತಲ್ಲೆಲ್ಲ ನಾನು ಹೂಂ ಅಂದೆ.

"ತಿಳೀತೇನು?"

"ತಿಳೀತು."

"ಖರೇನ?"

"ಖರೇ ಅಕ್ಕಾ. ತಾ ಇಲ್ಲಿ, ಸಹಿ ಮಾಡ್ತೀನಿ."

ತಿರುಗಿ ಹೇಳು ಎಂದು ಅವಳು ಆ ದಿನ ಕೇಳಲಿಲ್ಲ. ನಾನು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಸಹಿ ಹಾಕಿದೆ. ಬಸ್ಸು ಕುಲುಕಿ ಕೊನೆಯ ಅಕ್ಷರ ಕೆಳಗೆ ಜಾರಿತು. ಅವಳು ಫೈಲು ಮುಚ್ಚಿ, ಮುಂದಿನ ಸೀಟಿನ ಸರಳಿಗೆ ಹಣೆ ಇಟ್ಟು ನಿದ್ದೆ ಹೋದಳು. ಅವಳು ಮಲಗಿದಳಲ್ಲ ಎಂದು ನನಗೆ ಸಮಾಧಾನವಾಯಿತು. ಅವಳು ದಣಿಯಬಾರದೆಂದು ಸುಳ್ಳು ಹೇಳಿದೆ ಎಂದು ಇಲ್ಲಿ ಬರೆದರೆ ನೀವು ನಂಬುತ್ತೀರಿ. ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ನನಗೆ ಹಸಿವಾಗಿತ್ತು, ಬೇಸರ ಬಂದಿತ್ತು, ಮುಂದಿನ ಸೀಟಿನವನು ಫೋನಿನಲ್ಲಿ ಕುಸ್ತಿ ನೋಡುತ್ತಿದ್ದ, ನನಗೆ ಅದನ್ನು ನೋಡಬೇಕಿತ್ತು. ನೋಡಿದೆ.

ಐದು ವಾರಕ್ಕೆ ಅಕ್ಕ ತೀರಿಕೊಂಡಳು. ನೆಂಟರು ಬಂದರು, ಹೋದರು. ಹನ್ನೆರಡನೆಯ ದಿನ ಕಳೆದ ಮೇಲೆ ನಾನು ಮತ್ತೆ ಎಂಟರ ಬಸ್ಸು ಹತ್ತಿದೆ. ಈಗ ಕಿಟಕಿಯ ಬದಿ ನನಗೆ ಸಿಗುತ್ತದೆ. ಬೆಳಗಿನ ಬಿಸಿಲು ಹೋಗುವ ದಾರಿಯುದ್ದಕ್ಕೂ ಆ ಕಡೆಯಿಂದಲೇ ಬೀಳುತ್ತದೆ ಎಂದು ನನಗೆ ಅಲ್ಲಿ ಕುಳಿತ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಅವಳು ಅದನ್ನು ಹೇಳಿರಲಿಲ್ಲ. ಕಂಡಕ್ಟರ್ ಮೊದಲ ದಿನ ಎರಡು ಟಿಕೆಟ್ ಹರಿದ. ಒಂದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದ ಅವನೇ ಅದನ್ನು ಕಿಸೆಯಲ್ಲಿಟ್ಟುಕೊಂಡ.

ಸುಮಾರು ಏಳು ತಿಂಗಳ ಮೇಲೆ, ಒಂದು ಭಾನುವಾರ, ರುಬೀನಾ ಎಂಬ ಹುಡುಗಿ ಮನೆಗೆ ಬಂದಳು. ತಾಜಸುಲ್ತಾನಪುರದವಳು, ಅಕ್ಕನ ವಿದ್ಯಾರ್ಥಿನಿ. ಪಾಠಗಳನ್ನು ಟೈಪ್ ಮಾಡಲು ಅಕ್ಕ ಫೈಲನ್ನು ಅವಳ ಕೈಗೆ ಕೊಟ್ಟಿದ್ದಳು. ಮೇಡಂ ಹೆಸರಿನಲ್ಲಿ ಪುಸ್ತಕ ಮಾಡಿ ಕೆಳಗಿನ ತರಗತಿಯವರಿಗೆ ಹಂಚಬೇಕೆಂದು ನಾಲ್ಕೈದು ಜನ ಸೇರಿ ಗೊತ್ತು ಮಾಡಿದ್ದರು. ಪಾಠ ಹೇಳುವ ಜವಾಬ್ದಾರಿ ರುಬೀನಾಳದು. ಮಲ್ಲಮ್ಮ ಅವಳಿಗೆ ಚಹ ಕೊಟ್ಟಳು, ಜೊತೆಗೆ ಎರಡು ಕೆಂಪು ಬಾಳೆಹಣ್ಣು. ಅವಳು ಹಣ್ಣನ್ನು ಕೈಯಲ್ಲಿ ಹಿಡಿದು ನೋಡಿ, ಮೂರನೆಯ ಪಾಠ ಅಂದಳು.

"ಕಾಕಾ, ಹತ್ತು ಪಾಠ ಆಗ್ಯಾವ್ರಿ. ಹನ್ನೊಂದನೇದಕ್ಕ ಬಂದು ನಿಂತೀವಿ. ಯಾರಿಗೂ ತಿಳೀವಲ್ದು."

ಬೇರೆ ಪುಸ್ತಕ ನೋಡಬಾರದೇ ಅಂದೆ.

"ನೋಡೀವ್ರಿ. ಅವು ಇನ್ನಾ ಕಠಿಣ ಅವ. ಮೇಡಂ ಹೇಳಿದ್ರು, ಎಲ್ಲಿ ತಿಳೀಲಿಲ್ಲ ಅಲ್ಲಿ ಮೂಲ್ಯಾಗ ನೋಡು, ಸಹಿ ಇತ್ತಂದ್ರ ನನ್ನ ತಮ್ಮನ್ನ ಕೇಳು ಅಂತ. ಸಹಿ ಅದ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಲ್ಲಮ್ಮನಿಗೆ ನಗೆ ತಡೆಯಲಾಗಲಿಲ್ಲ. "ಇವ್ರನ್ನ? ಟೀವಿ ರಿಮೋಟ್ ಉಲ್ಟಾ ಹಿಡೀತಾರ ತಾಯಿ ಇವ್ರು."

ರುಬೀನಾ ನಗಲಿಲ್ಲ. ಫೈಲು ಬಿಚ್ಚಿ ನನ್ನ ಮುಂದಿಟ್ಟಳು. ಮೂಲೆಯಲ್ಲಿ ಕೆಳಗೆ ಜಾರಿದ ನನ್ನ ಹೆಸರು. ಪಾಠದ ಕೊನೆಯಲ್ಲಿ ಕಡಲೆಗಿರಣಿ ಬರೆಯಿರಿ ಎಂದು ಅಕ್ಕ ಒಂದು ಅಭ್ಯಾಸ ಕೊಟ್ಟಿದ್ದಳು. ಅದನ್ನು ಮಾಡಲು ಹೋದವರಲ್ಲಿ ಅರ್ಧ ಜನ ಟಿ ಇರುವಲ್ಲಿ ಕಡಲೆ ಎಂದು ತುಂಬಿ, ನೆನೆಸುವುದನ್ನು ಬರೆಯದೆ ಬಿಟ್ಟಿದ್ದರು. ಇನ್ನರ್ಧ ಜನ ನೆನೆಸುವುದನ್ನು ಬರೆದು ಟಿಯನ್ನು ಮರೆತಿದ್ದರು. ಕಂಪ್ಯೂಟರ್ ಎರಡಕ್ಕೂ ಕೆಂಪು ಗೆರೆ ಎಳೆಯಿತು. ಅವಳು ಕೇಳಿದಳು, "ಎರಡೂ ಖಾಲಿ ಜಾಗಾನ ಅಲ್ಲೇನ್ರಿ ಕಾಕಾ? ಒಂದ ತುಂಬಿದ್ರ ಆಗಬೇಕಲ್ಲ. ಎರಡು ಯಾಕ್ರಿ?"

ನಾನು ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದೆ. ಎರಡು ಯಾಕೆ ಎಂಬುದಕ್ಕೆ ಅಲ್ಲಿ ಒಂದು ಪ್ಯಾರಾ ಇರಬೇಕಿತ್ತು. ಇರಲಿಲ್ಲ. ಉಳಿದ ಪಾಠಗಳಲ್ಲಿ ನನ್ನ ತಕರಾರು ಎಲ್ಲೆಲ್ಲಿ ಎದ್ದಿತೋ ಅಲ್ಲೆಲ್ಲ ಅಕ್ಕ ಉತ್ತರ ಬರೆದಿದ್ದಳು. ಇಲ್ಲಿ ನಾನು ತಕರಾರು ಮಾಡಿರಲಿಲ್ಲ. ತಿಳಿಯಿತು ಅಂದವನಿಗಾಗಿ ಅವಳು ಇನ್ನೇನು ಬರೆಯಬೇಕಿತ್ತು?

ಒಳ್ಳೆಯ ಮನುಷ್ಯನಾಗಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ. ನಾನು ಹೂಂ ಅಂದೆ. ನೋಡಿ ಇಡುತ್ತೇನೆ, ಮುಂದಿನ ಭಾನುವಾರ ಬಾ ಅಂದೆ. ಅವಳು ಪಾಠದ ಒಂದು ಝೆರಾಕ್ಸ್ ಕೊಟ್ಟು ಹೋದಳು. ಮೂರು ದಿನ ಬಸ್ಸಿನಲ್ಲಿ ಅದನ್ನು ಓದಿದೆ. ಅಕ್ಕನ ಅಕ್ಷರ ದುಂಡಗೆ, ಸ್ಪಷ್ಟವಾಗಿತ್ತು, ಕಾಯಿಲೆಯ ಗುರುತು ಅಲ್ಲಿರಲಿಲ್ಲ. ಓದಿದಷ್ಟೂ ನನ್ನ ಪ್ರಶ್ನೆ ಹಾಗೇ ಇತ್ತು. ಇದರ ಜೊತೆಗೆ ಇನ್ನೊಂದು ಹೆದರಿಕೆ. ಈ ಸಹಿ ಸುಳ್ಳೆಂದು ಹೇಳಿದರೆ ಉಳಿದ ಹತ್ತನ್ನು ಯಾರು ನಂಬುತ್ತಾರೆ? ಆ ಸಹಿಗಳಿದ್ದವೆಂದೇ ಅಕ್ಕ ಆ ಪಾಠಗಳನ್ನು ಮುಗಿದವೆಂದು ಕಟ್ಟಿಟ್ಟಿದ್ದಳು.

ರುಬೀನಾ ಭಾನುವಾರದವರೆಗೆ ಕಾಯಲಿಲ್ಲ. ಬುಧವಾರ ಮಧ್ಯಾಹ್ನ ಮಿಲ್ಲಿಗೇ ಬಂದಳು. ಊಟದ ಬಿಡುವಿನಲ್ಲಿ ಯಂತ್ರಗಳು ನಿಂತಿದ್ದವು. ನಾನು ಚೀಲಗಳ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಪ್ರಿಂಟಿನವನು ಅವಸರ ಮಾಡುತ್ತಿದ್ದಾನೆ, ಏನಾಯಿತು ಎಂದು ಕೇಳಿದಳು.

"ರುಬೀನಾ, ಆ ಸಹಿ ಸುಳ್ಳದ," ಅಂದೆ.

"ನಿಮ್ಮದಲ್ಲೇನ್ರಿ?"

"ನಂದ. ತಿಳೀದ ಹಾಕೀನಿ. ಅಕ್ಕಗ ತಿಳೀತು ಅಂತ ಹೇಳ್ದೆ."

ಸಮಾಧಾನ ಹೇಳುತ್ತಾಳೆಂದು ನಾನು ಒಳಗೊಳಗೇ ಕಾಯುತ್ತಿದ್ದೆ ಎಂದು ಕಾಣುತ್ತದೆ. ಅವಳು ಕೇಳಿದ್ದು ಬೇರೆ.

"ಉಳಿದ ಹತ್ತು?"

"ಅವು ಖರೇ."

"ಹ್ಯಾಂಗ ನಂಬೂದ್ರಿ?"

ಕೇಳಿ ನೋಡು ಅಂದೆ. ಕೇಳಿಯೇಬಿಟ್ಟಳು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನಾನು ಏಳನೆಯ ಪಾಠ ಹೇಳಿದೆ, ನಾಲ್ಕನೆಯದು ಹೇಳಿದೆ. ಒಂಬತ್ತರಲ್ಲಿ ಒಂದು ಕಡೆ ತಪ್ಪಿದೆ, ತಿದ್ದಿದಳು. ಹತ್ತನೆಯದನ್ನು ಗಿರಣಿಯೊಳಗೇ ಕುಳಿತು ಹೇಳುವಾಗ ಮಾತ್ರ ನನ್ನ ಧ್ವನಿ ಸ್ವಲ್ಪ ಏರಿತು. ಕಾಳು ತುಂಬುವ ಹಮಾಲರು ದೂರದಿಂದ ನೋಡುತ್ತಿದ್ದರು. ಅವರಲ್ಲೊಬ್ಬ, ಶರಣಪ್ಪನಿಗೆ ಈ ವಯಸ್ಸಿನಲ್ಲಿ ಯಾವ ಪರೀಕ್ಷೆಯೋ ಎಂದು ಆಡಿಕೊಂಡ.

"ಅವು ಇರಲ್ರಿ," ಅಂದಳು ರುಬೀನಾ. "ಈಗ ಈ ಗಿರಣಿ ತೋರಿಸ್ರಿ. ಪಾಠದಾಗ ಓದೀವಿ, ಕಣ್ಣಿಲೆ ನೋಡಿಲ್ಲ."

ತೋರಿಸಿದೆ. ಕಾಳು ಸುರಿಯುವ ಬಾಯಿ, ಜರಡಿಗಳು, ಸಿಪ್ಪೆ ಗೀರುವ ರೋಲರ್, ಎಣ್ಣೆ ಹಚ್ಚುವ ಕಡೆ, ಮಾಳಿಗೆಯ ಮೇಲೆ ಹೆಣ್ಣುಮಕ್ಕಳು ತೊಗರಿ ಹರವುವ ಜಾಗ. ಎಲ್ಲವನ್ನೂ ಪಾಠದ ಸಾಲಿಗೆ ಹೊಂದಿಸಿ ನೋಡುತ್ತ ಬಂದಳು. ತಿರುಗಿ ಕೆಳಗೆ ಬಂದಾಗ ಸುರಿಯುವ ಬಾಯಿಯ ಮೇಲೆ ನೇತುಹಾಕಿದ್ದ ಪಾಟಿಯನ್ನು ನೋಡಿದಳು. ಶಾಲೆಯ ಮಕ್ಕಳು ಬರೆಯುವಂಥ ಕಲ್ಲು ಪಾಟಿ. ಅದರ ಮೇಲೆ ಆ ದಿನ ಸುಣ್ಣದ ಬಳಪದಲ್ಲಿ 'ತೊಗರಿ' ಎಂದು ಬರೆದಿತ್ತು.

"ಇದು ಪಾಠದಾಗ ಇಲ್ಲಲ್ರಿ?"

ಇಲ್ಲ. ಅದಕ್ಕೆ ಕಾರಣವಿತ್ತು. ನಾನು ಮಿಲ್ಲಿಗೆ ಸೇರಿದ ಮೊದಲ ವರ್ಷ, ತೊಗರಿ ನಡೆಯುತ್ತಿದ್ದ ದಿನ, ಕಾಳು ಸುರಿಯುವ ಬಾಯಿಯ ಬಳಿ ನಿಂತಿದ್ದೆ. ಮಿಲ್ಲಿನ ಸಾವಕಾರರು ಪಕ್ಕದಲ್ಲಿ ನಿಂತು ತಮ್ಮ ಮೊಣಕಾಲು ನೋವಿನ ವಿಷಯ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತ ಹಮಾಲರಿಂದ ಎರಡು ಚೀಲ ಕಡಲೆ ಸುರಿಸಿಬಿಟ್ಟೆ. ರೋಲರಿನವನು ಕಡಲೆ ಕಂಡ. ಸಾವಕಾರರೇ ಹೇಳಿರಬೇಕೆಂದು ಸುಮ್ಮನಾದ. ಎಣ್ಣೆಯವನೂ ಕಂಡ, ಮೇಲಿನವರಿಗೆ ಗೊತ್ತಿರಬೇಕೆಂದು ಎಣ್ಣೆ ಹಚ್ಚಿದ. ಮಾಳಿಗೆಯ ಮೇಲಿನ ಮುದುಕಿಯೊಬ್ಬಳು ಮಾತ್ರ ಮೂರನೆಯ ದಿನ ಕೆಳಗಿಳಿದು ಬಂದು, ನಿಮ್ಮ ತೊಗರಿಗೆ ಕಡಲೆಯ ಮೂಗು ಮೂಡಿದೆ ಎಂದು ಹೇಳಿದಳು. ಅವತ್ತಿನಿಂದ ಸಾವಕಾರರು ಈ ಪಾಟಿ ತೂಗುಹಾಕಿಸಿದರು. ಬೆಳಿಗ್ಗೆ ಒಮ್ಮೆ ಕಾಳಿನ ಹೆಸರು ಬರೆದರೆ ಜರಡಿಯಿಂದ ಹಿಡಿದು ಚೀಲ ಹೊಲಿಯುವವನವರೆಗೆ ಯಾರೂ ಮುಷ್ಟಿ ತೆರೆದು ಇದು ಯಾವ ಕಾಳು ಎಂದು ನೋಡಬೇಕಾಗಿಲ್ಲ. ಬೇರೆ ಕಾಳಿನ ಚೀಲ ಬಂದರೆ ಬಾಯಿಯ ಹತ್ತಿರವೇ ತಡೆಯುತ್ತಾರೆ. ಹಳಬರು ಅದನ್ನು ಇಂದಿಗೂ ಶರಣುನ ಪಾಟಿ ಅನ್ನುತ್ತಾರೆ. ಅಕ್ಕನಿಗೆ ಮಿಲ್ಲಿನ ಎಲ್ಲ ಸಂಗತಿ ಹೇಳಿದ್ದೆ, ಇದೊಂದನ್ನು ಹೇಳಿರಲಿಲ್ಲ. ನಗುತ್ತಾಳೆ ಎಂದು.

ಇದೆಲ್ಲ ಕೇಳಿ ರುಬೀನಾ ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿ ಪಾಟಿಯನ್ನೇ ನೋಡುತ್ತ ನಿಂತಳು.

"ಕಾಕಾ, ಟಿ ಅಂದ್ರ ಇದ."

"ಮತ್ತ ನೆನೆಸೂದು?"

"ಪಾಟಿ ಮ್ಯಾಲ ತೊಗರಿ ಅಂತ ಬರದ್ರ ತೊಗರಿ ತಾನ ನೆನೀತದೇನ್ರಿ?"

"ಇಲ್ಲ. ಎಣ್ಣಿ ಹಚ್ಚಬೇಕು."

"ಹಚ್ಚೂದು ಹ್ಯಾಂಗ ಅಂತ ಯಾರರ ಬರೀಬೇಕಲ್ಲ. ಯಾವ ಕಾಳು ಅಂಬೂದು ಒಂದು ಜಾಗ, ಹ್ಯಾಂಗ ಮಾಡಬೇಕು ಅಂಬೂದು ಇನ್ನೊಂದು. ಅದಕ್ಕ ಎರಡು."

ಬಿಡುವು ಮುಗಿದು ಯಂತ್ರಗಳು ಶುರುವಾದವು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅವಳು ಕೈಸನ್ನೆ ಮಾಡಿ ಹೊರಟಳು. ನಾನು ಸಂಜೆಯವರೆಗೆ ಪಾಟಿಯ ಕೆಳಗೆ ಕೆಲಸ ಮಾಡಿದೆ. ಎಷ್ಟೋ ವರ್ಷ ಅದರ ಕೆಳಗೇ ನಿಂತಿದ್ದವನು ನಾನು. ಬಸ್ಸಿನಲ್ಲಿ ಆ ಮಧ್ಯಾಹ್ನ ಬಾಯಿ ಬಿಟ್ಟು ಎರಡು ಯಾಕೆ ಎಂದು ಕೇಳಿದ್ದರೆ, ಅಕ್ಕ ಮಿಲ್ಲಿನಲ್ಲಿ ಇಂಥದ್ದೇನಾದರೂ ಇದೆಯೇ ಎಂದು ಕೇಳುತ್ತಿದ್ದಳು, ನಾನು ಪಾಟಿಯ ಕತೆ ಹೇಳಬೇಕಾಗುತ್ತಿತ್ತು, ಅವಳು ನಗುತ್ತಿದ್ದಳು. ಅವಳಿಗೆ ಆಗ ನಗುವಷ್ಟು ಉಸಿರು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಮುಂದಿನ ಮಾತು ಪುಸ್ತಕದ್ದು. ರುಬೀನಾಳ ಜೊತೆಯವರು, ಪಾಟಿಯ ಪ್ಯಾರಾವನ್ನು ಮೇಡಂ ಬರೆದಂತೆಯೇ ಪಾಠದೊಳಗೆ ಸೇರಿಸಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಅಂದರಂತೆ. ಅದಕ್ಕೆ ನಾನು ಒಪ್ಪಲಿಲ್ಲ. ಅಕ್ಕ ಬರೆದದ್ದು ಅಲ್ಲಿಗೆ ನಿಂತಿದೆ, ಅಲ್ಲಿಗೇ ನಿಲ್ಲಲಿ. ಅದರ ಕೆಳಗೆ ನನ್ನ ಪ್ರಶ್ನೆ ಇರಲಿ, ಪ್ರಶ್ನೆಯ ಕೆಳಗೆ ರುಬೀನಾಳ ಹೆಸರಿನಲ್ಲಿ ಅವಳ ಉತ್ತರ ಇರಲಿ. ಮೂಲೆಯ ಸಹಿಯನ್ನು ನಾನೇ ಒಂದು ಗೆರೆ ಎಳೆದು ಹೊಡೆದೆ. ಪ್ರಶ್ನೆ ಬರೆಯಲು ನನಗೆ ಎರಡು ದಿನ ಹಿಡಿಯಿತು. ಬರೆದ ಮೇಲೆ ಅದು ಒಂದೂವರೆ ಸಾಲು ಇತ್ತು. ತೀರಿಕೊಂಡವರ ಪುಸ್ತಕದಲ್ಲಿ ತಿಳಿಯಲಿಲ್ಲ ಎಂದು ಅಚ್ಚು ಹಾಕುವುದು ಚೆನ್ನಾಗಿ ಕಾಣುವುದಿಲ್ಲ ಎಂದು ರುಬೀನಾಳ ಜೊತೆಯವರಲ್ಲೊಬ್ಬ ಅಂದನಂತೆ. ಹಾಗಾದರೆ ನಾವು ನಾಲ್ಕು ಜನ ವಾರಗಟ್ಟಲೆ ತಲೆ ಚಚ್ಚಿಕೊಂಡದ್ದು ಚೆನ್ನಾಗಿ ಕಂಡಿತೇನು ಎಂದು ರುಬೀನಾ ಕೇಳಿದಳಂತೆ.

ಶನಿವಾರ ಮಿಲ್ಲು ಅರ್ಧ ದಿನ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ರುಬೀನಾ ತಾನು ಬರೆದ ಎರಡು ಹಾಳೆ ಓದಿ ಹೇಳಿದಳು. ಹಾಳೆಯ ಮೂಲೆಯಲ್ಲಿ ಸಹಿಗೆ ಜಾಗ ಬಿಟ್ಟಿದ್ದಳು. ಪಾಟಿಯವರೆಗಿನದು ನನಗೆ ನೀರು ಕುಡಿದಂತೆ ಹೋಯಿತು. ಅದರ ಮುಂದೆ ಅವಳು ಇನ್ನೊಂದು ಸಂಗತಿ ಸೇರಿಸಿದ್ದಳು. ಒಬ್ಬ ಮಗ ಹುಟ್ಟಿಯೂ ಪಾಟಿಯನ್ನು ತುಂಬದೆ ಖಾಲಿಯೇ ಇಟ್ಟು, ಅದನ್ನು ಮೊಮ್ಮಗನಿಗೆ ಬಿಡಬಹುದಂತೆ. ಅದು ಹೇಗೆ ಸಾಧ್ಯ, ಆ ನಡುವಿನವನು ಯಾವ ಕಾಳನ್ನು ನೆನೆಸುತ್ತಾನೆ ಎಂಬುದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ನಮ್ಮೂರಿನ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಪ್ಲಾಟ್‌ಫಾರ್ಮಿಗೆ ಬಂತು. ಕಂಡಕ್ಟರ್ ನನ್ನನ್ನು ಕಂಡು ಕೈ ಮಾಡಿದ. ಜನ ಕರ್ಚೀಫು ಎಸೆದು ಸೀಟು ಹಿಡಿಯತೊಡಗಿದರು.

ರುಬೀನಾ ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಕಡೆ ಹಿಡಿದಳು. "ತಿಳೀತೇನ್ರಿ ಕಾಕಾ?"

ನಾನು ಬಸ್ಸಿನ ಕಡೆ ನೋಡಿದೆ. ಮುಂದಿನದು ಇನ್ನು ಮುಕ್ಕಾಲು ಗಂಟೆಗೆ.

"ಅರ್ಧ ತಿಳೀತು," ಅಂದೆ. "ಮೊಮ್ಮಗಂದು ತಿಳೀಲಿಲ್ಲ."

ಅವಳು ಪೆನ್ನು ಮುಚ್ಚಿ ಚೀಲದಲ್ಲಿಟ್ಟಳು. ಹಾಳೆ ಹಿಂದಕ್ಕೆ ತಿರುವಿದಳು. ಬಸ್ಸು ಹಾರ್ನ್ ಹೊಡೆದು, ಒಂದು ಕ್ಷಣ ನಿಂತು, ಹೊರಟುಹೋಯಿತು.

"ಎಲ್ಲಿಂದ ಹೇಳ್ಲಿ?"

"ಮೊದಲಿಂದ ಹೇಳು," ಅಂದೆ.